ಕೋಟೆಯ ಒಡಕು, ನಾಡಿನ ಗೆರೆ
(ಶ್ರೀರಂಗಪಟ್ಟಣದ ಕೋಟೆಯನ್ನು ಒಬ್ಬನೇ ಸುತ್ತಿಬಂದ ಒಂದು ದಿನ)

ದಿಂಬದ ಘಟ್ಟದ ನೆತ್ತಿಯಲ್ಲಿರುವ ನಮಗೆ ಎರಡು ಕೋಟೆಗಳು ನೆರೆಯವು. ನಮ್ಮ ರಸ್ತೆಯ ಒಂದು ಕೊನೆ ತೆಂಕಣಕ್ಕೆ ೨೭ ತಿರುವುಗಳನ್ನು ಇಳಿದು ಬಣ್ಣಾರಿಯ ಬಯಲನ್ನು ಸೇರುತ್ತದೆ. ಇನ್ನೊಂದು ಕೊನೆ ಬಡಗಣಕ್ಕೆ ಹಾಸನೂರನ್ನು ಹಾಯ್ದು, ಚಾಮರಾಜನಗರ, ನಂಜನಗೂಡು, ಮೈಸೂರುಗಳ ಮೂಲಕ ಶ್ರೀರಂಗಪಟ್ಟಣವನ್ನು ಮುಟ್ಟುತ್ತದೆ. ಬಯಲಿನ ಕಡೆಯ ಕೋಟೆ ನೀರಿನಲ್ಲಿ ಮುಳುಗಿದೆ. ಬಡಗಣ ಕಡೆಯ ಕೋಟೆ ಒಡೆದು ನಿಂತಿದೆ. ಈ ಎರಡರ ನಡುವಿನ ಬೆಟ್ಟದ ಮೇಲೆ ನಾವು ಕನ್ನಡ ಮಾತಾಡಿಕೊಂಡು, ಕನ್ನಡ ಕಲಿಸಿಕೊಂಡು, ತಮಿಳುನಾಡಿನ ಪ್ರಜೆಗಳಾಗಿ ಬಾಳುತ್ತಿದ್ದೇವೆ.

ಮುಳುಗಿದ ಕೋಟೆಯ ಹೆಸರು ದಣ್ಣಾಯಕನಕೋಟೆ. ಮೋಯಾರು ಭವಾನಿಯನ್ನು ಕೂಡುವ ಎಡೆಯಲ್ಲಿದ್ದ ಈ ಕೋಟೆಯ ಹೆಸರೇ ಅದರ ಅರ್ಧ ಕಥೆಯನ್ನು ಹೇಳುತ್ತದೆ. ದಂಡನಾಯಕ ಎಂಬ ಪದವಿ ಜನರ ಬಾಯಲ್ಲಿ ದಣ್ಣಾಯಕ ಎಂದಾಯಿತು. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದಲ್ಲಿ ತೆರಕಣಾಂಬಿಯಲ್ಲಿ ನೆಲೆಸಿ ಈ ಸೀಮೆಯನ್ನು ನೋಡಿಕೊಂಡ ಮಾಧವ ದಂಡನಾಯಕನ ಮನೆತನಕ್ಕೆ ಈ ಕೋಟೆಯನ್ನು ಸಲ್ಲಿಸುವುದು ವಾಡಿಕೆ. ಗುಂಡ್ಲುಪೇಟೆಯ ಹಿಮವದ್ಗೋಪಾಲಸ್ವಾಮಿ ಬೆಟ್ಟದ ದೇವಾಲಯದೊಂದಿಗೆ ಹೆಣೆದುಕೊಂಡಿರುವುದೂ ಇದೇ ಮಾಧವನ ಹೆಸರು. ಕೋಟೆಯೊಳಗಿನ ಗುಡಿಯ ದೇವರೂ ಮಾಧವರಾಯ ಪೆರುಮಾಳ್. ಭವಾನಿಸಾಗರದ ಅಣೆಕಟ್ಟಿನ ಕೆಲಸ ೧೯೪೮ರಲ್ಲಿ ಮೊದಲಾಗಿ ೧೯೫೫ರಲ್ಲಿ ಮುಗಿಯಿತು. ಎಂಟು ಕಿಲೋಮೀಟರಿಗೂ ಮಿಕ್ಕ ಉದ್ದದ ಆ ಕಟ್ಟೆಯ ಹಿಂದೆ ನೀರು ನಿಂತಾಗ ಕೋಟೆಯೂ ಗುಡಿಯೂ ಅಡಿಯಲ್ಲಿ ಹೋದವು. ಬರದ ವರ್ಷಗಳಲ್ಲಿ ನೀರು ತೀರ ಇಳಿದರೆ ಗುಡಿಯ ಕಲ್ಲುಗಳು ಮೇಲೆ ಕಾಣುತ್ತವೆ. ಜನ ಹೋಗಿ ನೋಡಿಬರುತ್ತಾರೆ. ಮಳೆ ಹಿಡಿದ ಮೇಲೆ ಮತ್ತೆ ಇಲ್ಲ. ಅಣೆಕಟ್ಟನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಎರಡು ಲಕ್ಷ ಎಕರೆ ಭೂಮಿ ಅದರ ನೀರನ್ನು ಕುಡಿಯುತ್ತದೆ. ಅನ್ನ ಕೊಡುವ ನೀರಿಗೆ ಕೈಮುಗಿಯಬೇಕು. ಆದರೆ ಸುತ್ತಿ ನೋಡುತ್ತೇನೆಂದರೆ ಆ ಕೋಟೆ ಇಂದು ಸಿಕ್ಕುವುದಿಲ್ಲ. ಆದುದರಿಂದ ರಸ್ತೆಯ ಇನ್ನೊಂದು ಕೊನೆಗೆ ಹೋದೆ.

ಹೋಗಲು ಒಂದು ಕಾರಣವೂ ಇತ್ತು. ತರಗತಿಯಲ್ಲಿ ಒಂದು ದಿನ ರಾಜ್ಯಗಳ ಪಾಠ ನಡೆದಿತ್ತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸಾರ್, ನಮ್ಮನೇಲಿ ಎಲ್ರೂ ಕನ್ನಡಾನೇ ಮಾತಾಡೋದು. ಮತ್ತೆ ನಮ್ಮೂರು ಯಾಕೆ ಕರ್ನಾಟಕದಲ್ಲಿಲ್ಲ?" ಎಂದು ಕೇಳಿದಳು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತೆಂದೂ, ಆಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಸೇರಿ, ನಮ್ಮ ತಾಳವಾಡಿಯ ಬೆಟ್ಟಗಳು ಮದರಾಸಿನಲ್ಲೇ ಉಳಿದವೆಂದೂ ಹೇಳಿದೆ. ಅವಳು ಸುಮ್ಮನೆ ಕುಳಿತಳು. ಆದರೆ ಅವಳಿಗೆ ಉತ್ತರ ಸಿಕ್ಕಿರಲಿಲ್ಲ. ಉಳಿದವು ಎಂದರೆ ಅದಕ್ಕೆ ಮೊದಲೇ ಅಲ್ಲಿದ್ದವು ಎಂದಾಯಿತು. ಮೊದಲು ಅಲ್ಲಿಗೆ ಹೋದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ೧೯೫೬ರಲ್ಲಿಲ್ಲ, ೧೭೯೯ರಲ್ಲಿದೆ ಎಂಬುದು ಪುಸ್ತಕ ಓದಿದವರಿಗೆ ಗೊತ್ತು. ಆದರೆ ಓದಿದ್ದನ್ನು ಕಾಲಿನಿಂದಲೂ ಒಮ್ಮೆ ಅಳೆಯಬೇಕೆನ್ನಿಸಿತು. ಜೊತೆಗಾರರಿದ್ದರೆ ಮಾತು ಮುಂದಾಗಿ ಕೋಟೆ ಹಿಂದಾಗುತ್ತದೆ. ಅದಕ್ಕಾಗಿ ಒಬ್ಬನೇ ಹೊರಟೆ.

ದಿಂಬವನ್ನು ಬಿಟ್ಟಾಗ ಮಂಜು ಇನ್ನೂ ಕರಗಿರಲಿಲ್ಲ. ಹಾಸನೂರು ದಾಟಿ ಪುಣಜನೂರಿನ ಕಡೆಗೆ ಸಾಗುವಾಗ ರಾಜ್ಯದ ಗಡಿ ಬರುತ್ತದೆ. ಈಚೆಗೂ ಕಾಡು, ಆಚೆಗೂ ಕಾಡು. ಈಚೆಗೆ ೨೦೧೩ರಲ್ಲಿ ಹುಲಿ ರಕ್ಷಿತಾರಣ್ಯವಾದ ಸತ್ಯಮಂಗಲದ ಅರಣ್ಯ, ಆಚೆಗೆ ಬಿಳಿಗಿರಿರಂಗನ ಬೆಟ್ಟದ ಸಾಲು. ನಡುವೆ ರಸ್ತೆಗೆ ಅಡ್ಡಲಾಗಿ ಒಂದು ತಪಾಸಣೆಯ ಕಂಬ. ಆನೆಗಳಿಗೂ ಮರಗಳಿಗೂ ಆ ಕಂಬದ ವಿಷಯ ತಿಳಿದಂತೆ ಕಾಣಲಿಲ್ಲ.

ಈಗಿನ ಈ ಘಟ್ಟದ ರಸ್ತೆಗಿಂತ ಹಿಂದೆ, ಮೈಸೂರಿನ ದಂಡುಗಳು ಬಯಲಿಗೆ ಇಳಿಯುತ್ತಿದ್ದುದು ನಮಗೆ ಪಡುವಲಲ್ಲಿರುವ ಗಜಲಹಟ್ಟಿಯ ಕಣಿವೆಯಿಂದ. ತಲಮಲೆಯ ಮೇಲ್ನಾಡಿನಿಂದ ಮೋಯಾರಿನ ಕೊಳ್ಳಕ್ಕಿಳಿದು ದಣ್ಣಾಯಕನಕೋಟೆಯನ್ನೂ ಸತ್ಯಮಂಗಲವನ್ನೂ ಸೇರುವ ದಾರಿ ಅದು. ಮೂರನೆಯ ಮೈಸೂರು ಯುದ್ಧದಲ್ಲಿ ಕಂಪನಿಯ ಕರ್ನಲ್ ಫ್ಲಾಯ್ಡ್ ಸತ್ಯಮಂಗಲದಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಸುಲ್ತಾನ ಈ ಕಣಿವೆಯಿಂದಲೇ ಇಳಿದುಬಂದ. ೧೭೯೦ರ ಸೆಪ್ಟೆಂಬರ್ ೧೩ ಮತ್ತು ೧೪ರಂದು ನಡೆದ ಕಾದಾಟದ ಕೊನೆಯಲ್ಲಿ ಫ್ಲಾಯ್ಡ್ ಕೊಯಮತ್ತೂರಿನ ಕಡೆಗೆ ಹಿಂದೆಗೆಯಬೇಕಾಯಿತು. ಇದನ್ನು ನೆನೆದರೆ ಒಂದು ಸಂಗತಿ ಮನಸ್ಸಿಗೆ ಬರುತ್ತದೆ: ಅಂದು ನಮ್ಮ ಬೆಟ್ಟಗಳು ಯಾವ ನಾಡಿನ ಗಡಿಯೂ ಆಗಿರಲಿಲ್ಲ. ಮೇಲೂ ಕೆಳಗೂ ಒಂದೇ ರಾಜ್ಯವಿತ್ತು. ನಾವು ಅದರ ಮೆಟ್ಟಿಲಾಗಿದ್ದೆವು.

ಮೈಸೂರಿನಲ್ಲಿ ಬಸ್ಸಿನಿಂದಿಳಿದು ರೈಲು ಹತ್ತಿದೆ. ಶ್ರೀರಂಗಪಟ್ಟಣದ ನಿಲ್ದಾಣದಲ್ಲಿ ಇಳಿದವನು ಕೋಟೆಯ ಒಳಗೇ ಇಳಿಯುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಕಿದ ಆ ದಾರಿ ಗೋಡೆಗಳನ್ನು ಸೀಳಿಕೊಂಡೇ ಹೋಗುತ್ತದೆ. ಈ ರೈಲುದಾರಿಯನ್ನು ಜೋಡಿಮಾರ್ಗ ಮಾಡುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ೨೦೧೭ರಲ್ಲಿ ಅದನ್ನು ಕೆಡವದೆ, ಇಡೀ ಕಟ್ಟಡವನ್ನೇ ಬುಡಸಹಿತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಬೇಕೆಂದರೆ ಕಟ್ಟಡವನ್ನೂ ನಡೆಸಬಹುದೆಂದು ನಮ್ಮ ಕಾಲ ಕಲಿತಿದೆ. ದಣ್ಣಾಯಕನಕೋಟೆ ಈ ವಿದ್ಯೆಗೆ ಅರುವತ್ತು ವರ್ಷ ಮೊದಲೇ ಮುಳುಗಿತು.

ಮೊದಲು ಶ್ರೀರಂಗನಾಥನ ಗುಡಿಗೆ ಹೋದೆ. ಗಂಗರ ಕಾಲದಲ್ಲಿ, ಕ್ರಿ. ಶ. ೮೯೪ರಲ್ಲಿ ತಿರುಮಲಯ್ಯ ಎಂಬವನು ಕಾಡು ಬೆಳೆದಿದ್ದ ಈ ದ್ವೀಪದಲ್ಲಿ ಗುಡಿಯನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಇಲ್ಲಿಯ ಕೋಟೆಯ ಮೊದಲನ್ನು ೧೪೫೪ರಲ್ಲಿ ನಾಗಮಂಗಲದ ತಿಮ್ಮಣ್ಣನಿಗೆ ಸಲ್ಲಿಸುತ್ತಾರೆ. ವಿಜಯನಗರದ ಅರಸರಿಂದ ಅಪ್ಪಣೆಯನ್ನೂ ದಂಡನಾಯಕನೆಂಬ ಪದವಿಯನ್ನೂ ಪಡೆದು ಅವನು ಕೋಟೆ ಕಟ್ಟಿಸಿದ. ನೋಡಿ: ನಮ್ಮ ರಸ್ತೆಯ ಎರಡು ಕೊನೆಗಳ ಕೋಟೆಗಳೂ ದಂಡನಾಯಕರ ಕೋಟೆಗಳೇ. ೧೬೧೦ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ತೆಗೆದುಕೊಂಡ ಮೇಲೆ ೧೭೯೯ರವರೆಗೂ ಇದೇ ಮೈಸೂರಿನ ರಾಜಧಾನಿ.

ಗುಡಿಯಿಂದ ಪಡುವಣಕ್ಕೆ ನಡೆದು, ಕೋಟೆಯ ವಾಯವ್ಯ ಮೂಲೆಯ ಬಳಿ ಗೋಡೆ ಒಡೆದ ಸ್ಥಳಕ್ಕೆ ಬಂದೆ. ಕಾವೇರಿ ಇಲ್ಲಿ ಕಲ್ಲುಬಂಡೆಗಳ ನಡುವೆ ಹರಿಯುತ್ತದೆ. ಮಳೆಗಾಲಕ್ಕೆ ಮುಂಚಿನ ಬತ್ತಿದ ಹೊಳೆಯನ್ನು ಲೆಕ್ಕದಲ್ಲಿಟ್ಟುಕೊಂಡೇ ಜನರಲ್ ಹ್ಯಾರಿಸನ ಸೈನ್ಯ ತನ್ನ ಫಿರಂಗಿಗಳನ್ನು ಈ ಮೂಲೆಗೆ ತಿರುಗಿಸಿತ್ತು. ೧೭೯೯ರ ಮೇ ೪, ಶನಿವಾರ, ಮಧ್ಯಾಹ್ನ ಊಟದ ಹೊತ್ತು ಮೀರಿದಾಗ ನಾಲ್ಕು ಸಾವಿರಕ್ಕೂ ಮಿಕ್ಕ ಆಳುಗಳು ಹಳ್ಳಗಳಿಂದೆದ್ದು ಹೊಳೆಯನ್ನು ದಾಟಿದರು. ಮುಂದಾಳು ಡೇವಿಡ್ ಬೇಯರ್ಡ್. ಹಿಂದೆ ೧೭೮೦ರ ಪೊಳ್ಳಿಲೂರಿನ ಸೋಲಿನಲ್ಲಿ ಸಿಕ್ಕಿಬಿದ್ದು ಮೂರು ವರ್ಷಕ್ಕೂ ಮೀರಿ ಇದೇ ಪಟ್ಟಣದಲ್ಲಿ ಸೆರೆಯಲ್ಲಿದ್ದವನು. ಕೆಲವೇ ನಿಮಿಷಗಳಲ್ಲಿ ಒಡಕಿನ ಮೇಲೆ ಕಂಪನಿಯ ಬಾವುಟ ಏರಿತು.

ಹತ್ತಿದವರಿಗೆ ಅಲ್ಲಿ ಒಂದು ಅಚ್ಚರಿ ಕಾದಿತ್ತು. ಹೊರಗೋಡೆಯ ಹಿಂದೆ ನೀರು ತುಂಬಿದ ಇನ್ನೊಂದು ಕಂದಕ, ಅದರಾಚೆ ಇನ್ನೊಂದು ಗೋಡೆ. ೧೭೯೨ರ ಮುತ್ತಿಗೆಯಲ್ಲಿ ಕಾರ್ನ್‌ವಾಲಿಸನ ಕೈಯಲ್ಲಿ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ದಂಡವನ್ನೂ ಕಳೆದುಕೊಂಡ ಟಿಪ್ಪು, ಆಮೇಲಿನ ವರ್ಷಗಳಲ್ಲಿ ಒಳಗಿನ ಈ ಎರಡನೆಯ ಸಾಲನ್ನು ಬಲಪಡಿಸುತ್ತಿದ್ದ, ಕೆಲಸ ಪೂರ್ತಿಯಾಗಿರಲಿಲ್ಲ. ಕಂದಕ ತೋಡುವ ಕೂಲಿಗಳು ಓಡಾಡಲೆಂದು ಒಂದೆಡೆ ಕಿರಿದಾದ ಮಣ್ಣಿನ ಹಾದಿಯನ್ನು ತೋಡದೆ ಬಿಟ್ಟಿದ್ದರು. ಆ ಹಾದಿಯಿಂದಲೇ ಒಳಗೋಡೆಗೆ ದಾಟಲು ಸಾಧ್ಯವಾಯಿತೆಂದು ಆ ಕಾಲದ ಇಂಗ್ಲಿಷ್ ಬರಹಗಳು ಹೇಳುತ್ತವೆ. ಒಂದು ರಾಜ್ಯದ ಭವಿಷ್ಯ ಕೂಲಿಯವರ ಕಾಲುಹಾದಿಯ ಅಗಲದಷ್ಟಿತ್ತು ಎಂದರೆ ಅತಿಶಯೋಕ್ತಿಯಾಗದು.

ಈ ಸ್ಥಳದಲ್ಲಿ ೧೯೦೭ರಲ್ಲಿ ನಿಲ್ಲಿಸಿದ ಒಂದು ಸ್ಮಾರಕಸ್ತಂಭವಿದೆ. ನಿಲ್ಲಿಸಿದವರು ಮೈಸೂರು ಸರ್ಕಾರದವರು; ಕೆತ್ತಿರುವುದು ಮುತ್ತಿಗೆ ಹಾಕಿದ ಸೈನ್ಯದ ಮಡಿದ ಅಧಿಕಾರಿಗಳ ಹೆಸರುಗಳನ್ನು. ಗೋಡೆಯನ್ನು ಕಾದು ಮಡಿದವರ ಪಟ್ಟಿ ಅಲ್ಲಿಲ್ಲ. ಗೋಡೆಯನ್ನು ಕಟ್ಟಿದವರದಂತೂ ಇಲ್ಲವೇ ಇಲ್ಲ.

ಅಂದು ಒಡಕನ್ನು ಹತ್ತಿದ ದಂಡು ಎರಡಾಗಿ ಒಡೆದು, ಒಂದು ಪಂಗಡ ಎಡಕ್ಕೆ ಬಡಗಣ ಗೋಡೆಯ ಮೇಲೂ ಇನ್ನೊಂದು ಬಲಕ್ಕೆ ತೆಂಕಣ ಗೋಡೆಯ ಮೇಲೂ ಸಾಗಿ, ಮೂಡಣ ಬಾಗಿಲಿನ ಮೇಲೆ ಮತ್ತೆ ಕೂಡಿದವು. ಹಾಗಾಗಿ ಈ ಕೋಟೆಯನ್ನು ಒಂದು ಸುತ್ತು ಹಾಕುವವನು ಆ ಮಧ್ಯಾಹ್ನದ ಇತಿಹಾಸವನ್ನೇ ಹೆಜ್ಜೆಹೆಜ್ಜೆಯಾಗಿ ಓದಿದಂತಾಗುತ್ತದೆ. ನಾನು ಎಡಗಡೆಯ ಪಂಗಡದ ಹಾದಿಯನ್ನು ಹಿಡಿದೆ.

ಬಡಗಣ ಗೋಡೆಯ ಕೆಳಗೆ ಹೊಳೆ ಜೊತೆಯಲ್ಲೇ ಬರುತ್ತದೆ. ಗೋಡೆಯ ಮೇಲೆ ಎಲ್ಲ ಕಡೆಯೂ ನಡೆಯಲಾಗುವುದಿಲ್ಲ; ಮುಳ್ಳುಕಂಟಿ ಬೆಳೆದ ಕಡೆ ಇಳಿದು, ಒಳಗಿನ ಕಾಲುದಾರಿಯಲ್ಲಿ ನಡೆದು, ಮತ್ತೆ ಹತ್ತಬೇಕು. ಕರ್ನಲ್ ಬೇಯ್ಲಿಯ ಹೆಸರಿನಿಂದ ಕರೆಯುವ ನೆಲಮಾಳಿಗೆಯ ಸೆರೆಮನೆ ಈ ಕಡೆಗಿದೆ; ಕಮಾನುಗಳ ತಂಪಿನಲ್ಲಿ, ಗೋಡೆಯಿಂದ ಹೊರಟ ಕಲ್ಲಿನ ಚಾಚುಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆ. ಬಡಗಣ ಗೋಡೆಯಲ್ಲಿಯೇ ಎಡಗಡೆಯ ಪಂಗಡಕ್ಕೆ ಗಟ್ಟಿಯಾದ ತಡೆ ಸಿಕ್ಕಿದ್ದು, ಟಿಪ್ಪು ಸ್ವತಃ ನಿಂತು ಕಾದಿದ್ದು. ಗಾಯಗೊಂಡು, ಒಳಕ್ಕೆ ಹೋಗುವ ಇಕ್ಕಟ್ಟಾದ ಬಾಗಿಲಿನ ನೂಕುನುಗ್ಗಲಲ್ಲಿ ಅವನು ಬಿದ್ದ. ರಾತ್ರಿ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿ ಅವನನ್ನು ಗುರುತಿಸಿದರು. ಮರುದಿನ ಗಂಜಾಮಿನ ಕಡೆಯ ಗುಂಬಜಿನಲ್ಲಿ ತಂದೆ ಹೈದರಾಲಿಯ ಬಳಿ ಹೂಳಿದರು. ಹೆಣ ಸಿಕ್ಕಿದ ಜಾಗವನ್ನು ಒಂದು ಕಲ್ಲು ತೋರಿಸುತ್ತದೆ. ಅವನನ್ನು ಹೊಗಳುವವರೂ ತೆಗಳುವವರೂ ಇಂದಿಗೂ ಇದ್ದಾರೆ. ಆ ವಾದ ಈ ಲೇಖನದ್ದಲ್ಲ. ಅವನ ಅರಮನೆಯ ತೊಲೆಗಳು ಬಿಚ್ಚಿಕೊಂಡು, ಮುಂದೆ ೧೮೩೦ರ ಸುಮಾರಿಗೆ ಉದಕಮಂಡಲದ ಸಂತ ಸ್ಟೀಫನ್ನರ ಇಗರ್ಜಿಯ ಮಾಡನ್ನು ಹೊತ್ತವು ಎಂಬುದನ್ನು ಮಾತ್ರ ನೀಲಗಿರಿಯ ನೆರೆಯವರಾದ ನಾವು ತಿಳಿದಿರಬೇಕು.

ಮೂಡಣ ಕೊನೆಯಲ್ಲಿ ಬೆಂಗಳೂರು ಬಾಗಿಲು. ಅದರ ಹತ್ತಿರ ೧೭೮೭ರ ಹೊತ್ತಿಗೆ ಮುಗಿದ ಜಾಮಿಯಾ ಮಸೀದಿಯ ಎರಡು ಮಿನಾರುಗಳು. ಇಲ್ಲಿ ಎರಡು ಪಂಗಡಗಳೂ ಕೂಡಿ, ಸುತ್ತು ಮುಗಿಯಿತು. ನನಗೆ ಅರ್ಧ ಸುತ್ತು ಉಳಿದಿತ್ತು. ತೆಂಕಣದ ಮೈಸೂರು ಬಾಗಿಲಿನ ಕಡೆಗೆ ತಿರುಗಿ, ಒಂದು ಬೇವಿನ ಮರದಡಿ ಬುತ್ತಿ ಬಿಚ್ಚಿದೆ.

ಉಣ್ಣುವಾಗಲೂ ಕೂಲಿಗಳ ಆ ಕಾಲುಹಾದಿ ಮನಸ್ಸಿನಿಂದ ಹೋಗಲಿಲ್ಲ. ಆ ಕಂದಕವನ್ನು ತೋಡಿದವರು ಯಾವ ಊರಿನವರು? ದಿನಕ್ಕೆ ಎಷ್ಟು ಕೂಲಿ? ಕಲ್ಲು ಎಲ್ಲಿಂದ ಬಂತು, ಗಾಡಿಗಳೆಷ್ಟು? ನಮ್ಮ ಬೆಟ್ಟದವರೂ ಅವರಲ್ಲಿದ್ದರೆ? ಇಂಥ ಪ್ರಶ್ನೆಯನ್ನು ಕೇಳುವುದೇ ವ್ಯರ್ಥವೆಂದು ಕೆಲವರು ಹೇಳಬಹುದು. ವ್ಯರ್ಥವಲ್ಲ, ಇದೇ ವರ್ಷಗಳಲ್ಲಿ, ಭೂಮಿಯ ಇನ್ನೊಂದು ಮೂಲೆಯಲ್ಲಿ, ಇದೇ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟು ಕೋಟೆ ಕಟ್ಟಿದವರಿದ್ದಾರೆ.

ಕೊರಿಯಾ ದೇಶದ ಸುವಾನ್ ನಗರದಲ್ಲಿ ಹ್ವಾಸೊಂಗ್ ಎಂಬ ಕೋಟೆಯಿದೆ. ಜೊಸೊನ್ ಮನೆತನದ ಅರಸು ಜೊಂಗ್‌ಜೊ ತನ್ನ ತಂದೆಯ ಸಮಾಧಿಯನ್ನು ೧೭೮೯ರಲ್ಲಿ ಸುವಾನಿಗೆ ಸಾಗಿಸಿ, ೧೭೯೪ರಲ್ಲಿ ಅಲ್ಲಿ ಕೋಟೆಯನ್ನು ಕಟ್ಟಲು ತೊಡಗಿ, ೧೭೯೬ರಲ್ಲಿ ಮುಗಿಸಿದ. ಟಿಪ್ಪು ತನ್ನ ಒಳಗೋಡೆಯನ್ನು ಏರಿಸುತ್ತಿದ್ದ ವರ್ಷಗಳೂ ಇವೇ. ಅದರ ಸುತ್ತಳತೆ ಐದು ಮುಕ್ಕಾಲು ಕಿಲೋಮೀಟರಿನಷ್ಟು. ನಾಲ್ಕು ದಿಕ್ಕಿಗೆ ನಾಲ್ಕು ಹೆಬ್ಬಾಗಿಲುಗಳು. ಕಲ್ಲಿನ ಜೊತೆಗೆ ಇಟ್ಟಿಗೆಯ ಕೆಲಸ. ಯೋಜನೆ ಮಾಡಿದವನು ಜೊಂಗ್ ಯಾಕ್‌ಯೊಂಗ್ ಎಂಬ ವಿದ್ವಾಂಸ. ಭಾರವಾದ ಕಲ್ಲನ್ನು ಎತ್ತಲು ರಾಟೆಗಳ ಯಂತ್ರವೊಂದನ್ನು ಅವನು ರೂಪಿಸಿದ. ಕೆಲಸಗಾರರನ್ನು ಬಿಟ್ಟಿಗೆ ಹಿಡಿಯದೆ ಕೂಲಿ ಕೊಟ್ಟು ದುಡಿಸಿದರು.

ಎಲ್ಲಕ್ಕಿಂತ ದೊಡ್ಡ ಸಂಗತಿಯೆಂದರೆ, ಕೋಟೆ ಮುಗಿದ ಮೇಲೆ ಅದರ ಲೆಕ್ಕದ ಪುಸ್ತಕವನ್ನು ೧೮೦೧ರಲ್ಲಿ ಅಚ್ಚುಹಾಕಿದರು. ಪ್ರತಿಯೊಂದು ಬಾಗಿಲು, ಬುರುಜುಗಳ ಚಿತ್ರ. ಬಳಸಿದ ಸಲಕರಣೆಗಳ ಚಿತ್ರ. ಕಲ್ಲು, ಇಟ್ಟಿಗೆ, ಮರ, ಕಬ್ಬಿಣಗಳ ಎಣಿಕೆ ಮತ್ತು ಬೆಲೆ. ಕಲ್ಲುಕುಟಿಗ, ಬಡಗಿ, ಕಮ್ಮಾರರ ಹೆಸರುಗಳು, ಅವರು ದುಡಿದ ದಿನಗಳು, ಪಡೆದ ಕೂಲಿ. ಮುಂದೆ ಜಪಾನಿನ ಆಳ್ವಿಕೆಯಲ್ಲೂ, ೧೯೫೦ರಿಂದ ೧೯೫೩ರವರೆಗಿನ ಕೊರಿಯಾ ಯುದ್ಧದಲ್ಲೂ ಆ ಕೋಟೆ ಬಹಳ ಕೆಟ್ಟಿತು. ಆದರೆ ಪುಸ್ತಕ ಉಳಿದಿತ್ತು. ೧೯೭೫ರಿಂದ ೧೯೭೯ರವರೆಗೆ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಬಿದ್ದುದನ್ನು ಮತ್ತೆ ಕಟ್ಟಿದರು. ೧೯೯೭ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಶ್ರೀರಂಗಪಟ್ಟಣದ ಸ್ಮಾರಕಗಳನ್ನು ೨೦೧೪ರಲ್ಲಿ ಆ ಪಟ್ಟಿಯ ಹೊಸ್ತಿಲೆನ್ನಬಹುದಾದ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು. ಸುವಾನಿನ ಗೋಡೆ ನಮ್ಮದಕ್ಕಿಂತ ಗಟ್ಟಿಯಾಗಿತ್ತೆಂದು ಇದರ ಅರ್ಥವಲ್ಲ. ಅದರ ಲೆಕ್ಕ ಗಟ್ಟಿಯಾಗಿತ್ತು.

ನಮ್ಮ ಕೋಟೆಗಳ ಲೆಕ್ಕವನ್ನು ಬರೆದವರು ಯಾರು? ೧೮೦೦ರಲ್ಲಿ ಕಂಪನಿಯ ಅಪ್ಪಣೆಯ ಮೇರೆಗೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ಸೀಮೆಗಳನ್ನೆಲ್ಲ ಸುತ್ತಿದ. ಒಂದೇ ಪ್ರವಾಸದಲ್ಲಿ ಶ್ರೀರಂಗಪಟ್ಟಣವನ್ನೂ ದಣ್ಣಾಯಕನಕೋಟ���ಯನ್ನೂ ಕಂಡ. ಪಟ್ಟಣದ ಕೋಟೆ ಅವನಿಗೆ ಹಿಡಿಸಲಿಲ್ಲ. ಗೋಡೆಯ ಮೇಲೆ ಗೋಡೆ ಪೇರಿಸಿದ, ಮುಗಿಯದ, ವಿವೇಕವಿಲ್ಲದ ಕಟ್ಟಡವೆಂಬ ಅರ್ಥದ ಮಾತುಗಳನ್ನು ಬರೆದ. ಅವನ ಶ್ರಮಕ್ಕೆ ನಾವು ಋಣಿಗಳು. ಅವನಿಲ್ಲದಿದ್ದರೆ ಆ ಕಾಲದ ಬೆಳೆ, ನೇಯ್ಗೆ, ಸಂತೆಗಳ ವಿವರ ನಮಗೆ ಇಷ್ಟು ಸಿಕ್ಕುತ್ತಿರಲಿಲ್ಲ. ಆದರೆ ಅವನು ಹೊಸದಾಗಿ ಗೆದ್ದ ನೆಲದ ಹುಟ್ಟುವಳಿಯನ್ನು ತಿಳಿಯಲು ಬಂದವನು. ಅವನ ಪುಸ್ತಕ ಕೊಂಡವನ ಲೆಕ್ಕ, ಕಟ್ಟಿದವನ ಲೆಕ್ಕವಲ್ಲ.

ಊಟ ಮುಗಿಸಿ ತೆಂಕಣ ಗೋಡೆಯ ಗುಂಟ ಮೈಸೂರು ಬಾಗಿಲನ್ನು ದಾಟಿ ಮತ್ತೆ ಪಡುವಣ ಮೂಲೆಗೆ ಬಂದಾಗ ಹೊತ್ತು ಇಳಿಮುಖವಾಗಿತ್ತು. ಒಡಕಿನ ಬಳಿ ಆಡು ಮೇಯಿಸುತ್ತಿದ್ದ ಮುದುಕರೊಬ್ಬರು, "ಎಲ್ಲಿಂದ ಬಂದ್ರಿ ಸ್ವಾಮಿ?" ಎಂದರು.

"ದಿಂಬದಿಂದ, ಯಜಮಾನರೇ. ಚಾಮರಾಜನಗರದಿಂದಾಚೆ, ಘಟ್ಟದ ಮೇಲೆ."

"ಅದು ತಮಿಳುನಾಡಲ್ವಾ? ಕನ್ನಡಾನ ನಮ್ಮಂಗೇ ಆಡ್ತೀರಲ್ಲ!"

ಅವರು ಮೆಚ್ಚುಗೆಯಿಂದಲೇ ಹೇಳಿದರು. ಗಡಿಯ ಕನ್ನಡಿಗರಾದ ನಾವೆಲ್ಲರೂ ಒಮ್ಮೆಯಲ್ಲ ಒಮ್ಮೆ ಕೇಳಿದ ಮೆಚ್ಚುಗೆ ಇದು. ಇದರಷ್ಟು ನೋಯಿಸುವ ಮೆಚ್ಚುಗೆ ಇನ್ನೊಂದಿಲ್ಲ. "ಈ ಗೋಡೆ ಒಡೀತಲ್ಲ, ಯಜಮಾನರೇ, ಅವತ್ತೇ ನಾವು ಆ ಕಡೆ ಹೋದದ್ದು" ಎಂದೆ. ಅವರು ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

ಮಾತು ಹಗುರವಾಗಿ ಬಂತು, ಸಂಗತಿ ಹಗುರವಲ್ಲ. ೧೭೯೨ರ ಒಪ್ಪಂದದಲ್ಲಿ ಮಲಬಾರು, ಕೊಡಗು, ಬಾರಾಮಹಲು, ದಿಂಡಿಗಲ್ಲುಗಳು ಹೋದರೂ ಕೊಯಮತ್ತೂರು ಸೀಮೆ ಮೈಸೂರಿನಲ್ಲೇ ಉಳಿದಿತ್ತು. ೧೭೯೯ರ ಮೇ ೪ರಂದು ಈ ಗೋಡೆ ಬಿದ್ದ ಮೇಲೆ, ಜೂನ್ ತಿಂಗಳಲ್ಲಿ ಕಂಪನಿಯೂ ನಿಜಾಮನೂ ಕೂತು ನಾಡನ್ನು ಹಂಚಿಕೊಂಡರು. ಯಾವ ಸೀಮೆ ಯಾರಿಗೆ ಎಂಬುದನ್ನು ಅದರಿಂದ ಬರುವ ಕಂಠೀರವ ವರಹದ ಲೆಕ್ಕದಲ್ಲಿ ಪಟ್ಟಿಮಾಡಿದರು. ಮನೆಯಲ್ಲಿ ಯಾವ ಮಾತು ಆಡುತ್ತಾರೆ ಎಂಬ ಕಲಮು ಆ ಪಟ್ಟಿಯಲ್ಲಿರಲಿಲ್ಲ. ಕೊಯಮತ್ತೂರು ಸೀಮೆ ಕಂಪನಿಗೆ ಹೋಯಿತು. ಅದರೊಂದಿಗೆ ಘಟ್ಟದ ಮೇಲಿದ್ದೂ ಕೊಳ್ಳೇಗಾಲವೂ ನಮ್ಮ ಬೆಟ್ಟಗಳೂ ಮದರಾಸಿನ ಆಡಳಿತಕ್ಕೆ ಬಂದವು. ಅದೇ ಹಂಚಿಕೆಯಲ್ಲಿ ಕನ್ನಡ ಜಿಲ್ಲೆಯೂ ಕಂಪನಿಗೆ ಸೇರಿತು. ಮುಂದೆ ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಹೋದದ್ದರ ಹಿಂದಿನ ಮೆಟ್ಟಿಲು ಅದು. ಹೀಗೆ ಕಾಸರಗೋಡಿನ ಉಪಾಧ್ಯಾಯನೂ ತಾಳವಾಡಿಯ ಉಪಾಧ್ಯಾಯನೂ ಒಂದೇ ಒಡಕಿನಿಂದ ಹೊರಬಿದ್ದವರು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅದು ಮನಸ್ಸಿಗೆ ಸಮಾಧಾನ ಕೊಡುವಂಥದು. ಈ ಶ್ರೀರಂಗಪಟ್ಟಣದ ದ್ವೀಪವೂ ೧೭೯೯ರಲ್ಲಿ ಕಂಪನಿಯ ಪಾಲಾಯಿತು. ಮೈಸೂರಿನ ಅರಸರಿಗೆ ರಾಜ್ಯ ಮರಳಿ ಬಂದರೂ ಅವರ ಹಳೆಯ ರಾಜಧಾನಿ ಬರಲಿಲ್ಲ. ೧೮೮೧ರಲ್ಲಿ ಮಾತ್ರ ಅದು ಮೈಸೂರಿಗೆ ಸೇರಿತು. ಎಂಬತ್ತೆರಡು ವರ್ಷ ರಂಗನಾಥನ ಗುಡಿಯೇ ಪರರಾಜ್ಯದಲ್ಲಿತ್ತು! ಆದರೂ ಅಲ್ಲಿಯ ಜನರ ಕನ್ನಡ ಅಳಿಯಲಿಲ್ಲ. ನಾಡಿನ ಗೆರೆ ಎಳೆಯುವವರು ಬೇರೆ, ನುಡಿಯನ್ನು ಉಳಿಸುವವರು ಬೇರೆ. ಗೆರೆಯನ್ನು ಅಳಿಸುವುದು ಉಪಾಧ್ಯಾಯರ ಕೆಲಸವಲ್ಲ. ಗೆರೆ ಹೇಗೆ ಬಂತೆಂದು ಮಕ್ಕಳಿಗೆ ಸರಿಯಾಗಿ ತಿಳಿಸುವುದು, ಗೆರೆಯ ಈಚೆಗಿರುವುದನ್ನು ಬರೆದಿಡುವುದು ನಮ್ಮ ಕೆಲಸ.

ಈ ಬರೆದಿಡುವ ಕೆಲಸದಲ್ಲಿ ಗಡಿಯವರಿಗೆ ಒಂದು ವಿಶೇಷವಾದ ಹೊಣೆಯಿದೆ. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಊರೂರಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಚಾಮರಾಜನಗರ, ಗುಂಡ್ಲುಪೇಟೆಗಳ ಶಾಸನಗಳು ಅವುಗಳಲ್ಲಿ ದೊರೆಯುತ್ತವೆ. ಆದರೆ ಆ ಮಹಾಕಾರ್ಯವೂ ಸಂಸ್ಥಾನದ ಗಡಿಗೆ ಬಂದು ನಿಂತಿತು. ಇತ್ತ ಮದರಾಸಿನ ಕಡೆಯ ಪುಸ್ತಕಗಳಲ್ಲಿ ನಮ್ಮ ಬೆಟ್ಟಗಳು ದೊಡ್ಡ ಜಿಲ್ಲೆಯೊಂದರ ಒಂದು ಅಂಚು. ೧೯೭೯ರಲ್ಲಿ ಈರೋಡು ಬೇರೆ ಜಿಲ್ಲೆಯಾದ ಮೇಲೂ ನಾವು ಅಂಚೇ. ಎರಡು ಕಡೆಯ ಪುಸ್ತಕಗಳಿಗೂ ಕೊನೆಯ ಪುಟವಾದವರು ತಮ್ಮ ಪುಟವನ್ನು ತಾವೇ ಬರೆದುಕೊಳ್ಳಬೇಕು.

ಇದಕ್ಕೆ ದೊಡ್ಡ ಪಾಂಡಿತ್ಯ ಬೇಡ. ಊರಿನ ಹೊಲಗಳಿಗೆ, ಹಳ್ಳಗಳಿಗೆ, ಗುಡ್ಡಗಳಿಗೆ ಹಿರಿಯರು ಹೇಳುವ ಹೆಸರುಗಳನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳುವುದು. ವೀರಗಲ್ಲು, ಮಾಸ್ತಿಕಲ್ಲು, ಬಿದ್ದ ಗುಡಿ ಎಲ್ಲಿದೆ, ಎಷ್ಟು ಮೊಳವಿದೆ, ಯಾವ ದಿಕ್ಕಿಗೆ ಮುಖವಿದೆ ಎಂದು ಅಳೆದು, ತಾರೀಖು ಹಾಕಿ ಚಿತ್ರ ತೆಗೆದಿಡುವುದು. ಕೈಯಲ್ಲಿ ಮೊಬೈಲು ಇರುವ ಈ ಕಾಲದಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ. ಗಜಲಹಟ್ಟಿಯ ಹಳೆಯ ದಾರಿಯ ವಿಷಯವಾಗಿ ಸೋಲಿಗರು, ಊರಾಳಿಗಳು, ಬಯಲಿನ ಒಕ್ಕಲಿಗರು ಏನು ಹೇಳುತ್ತಾರೆಂದು ಕೇಳಿ, ಹೇಳಿದವರ ಊರು, ವಯಸ್ಸುಗಳೊಡನೆ ಬರೆಯುವುದು. ಜಲಾಶಯದ ನೀರು ಮತ್ತೆ ಇಳಿದಾಗ, ಅರಣ್ಯದವರ ಮತ್ತು ನೀರಾವರಿಯವರ ಅಪ್ಪಣೆ ಪಡೆದು, ನಾಲ್ಕು ಮಂದಿ ಉಪಾಧ್ಯಾಯರು ಅಳತೆಯ ಪಟ್ಟಿ ಹಿಡಿದು ದಣ್ಣಾಯಕನಕೋಟೆಯ ಉಳಿದ ಕಲ್ಲುಗಳನ್ನು ಎಣಿಸುವುದು. ಮುಳುಗಿದುದನ್ನು ಮೇಲೆತ್ತಲು ನಮ್ಮಿಂದಾಗದು. ಆದರೆ ಕಾಗದದ ಮೇಲೆ ಅದರ ಸುತ್ತು ಹಾಕಲು ಆಗುತ್ತದೆ. ಅರಸನ ಖಜಾನೆಯ ಬಲವಿದ್ದುದರಿಂದ ಸುವಾನಿನ ಪುಸ್ತಕ ಒಮ್ಮೆಗೇ ಬಂತು. ನಮ್ಮದು ಶಾಲೆಯ ನೋಟುಪುಸ್ತಕಗಳಲ್ಲಿ ಹಾಳೆಹಾಳೆಯಾಗಿ ಬರಬೇಕು.

ದಿಂಬದ ಘಟ್ಟದಲ್ಲಿ ೨೦೨೨ರಿಂದ ನ್ಯಾಯಾಲಯದ ಆದೇಶದಂತೆ ರಾತ್ರಿಯ ವಾಹನ ಸಂಚಾರಕ್ಕೆ ಕಟ್ಟುಪಾಡು ಇರುವುದರಿಂದ ಹೊತ್ತಿಗೆ ಸರಿಯಾಗಿ ಹಿಂದಿರುಗಬೇಕಿತ್ತು. ಚಾಮರಾಜನಗರ ದಾಟುವಾಗಲೇ ಕತ್ತಲಾಯಿತು. ಪುಣಜನೂರಿನ ಕಂಬದ ಬಳಿ ಬಸ್ಸು ನಿಂತು ಮತ್ತೆ ಹೊರಟಿತು. ಬೆಳಿಗ್ಗೆ ಅಲ್ಲಿ ನಾನು ಕಂಡದ್ದು ಬರಿಯ ಕಂಬ. ಈಗ ಅದರ ಹಿಂದೆ ಒಡೆದ ಗೋಡೆಯೊಂದು ಕಾಣುತ್ತಿತ್ತು.

ಸೋಮವಾರ ತರಗತಿಯಲ್ಲಿ ಆ ಹುಡುಗಿಯನ್ನು ಕರೆದು, ಕರಿಹಲಗೆಯ ಮೇಲೆ ಕೋಟೆಯ ಚಿತ್ರ ಬರೆದು, ಒಡಕಿನ ಜಾಗದಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಮಾಡಿ, ೧೭೯೯ರಿಂದ ೧೯೫೬ರವರೆಗಿನ ದಾರಿಯನ್ನು ಹೇಳಿದೆ. ಅವಳು ಎಲ್ಲವನ್ನೂ ಕೇಳಿ, "ಹಾಗಾದ್ರೆ ದಣ್ಣಾಯಕನಕೋಟೆ ಚಿತ್ರ ಎಲ್ಲಿದೆ ಸಾರ್?" ಎಂದಳು. ಇಲ್ಲವೆನ್ನಬೇಕಾಯಿತು. ಈ ಸಂಚಿಕೆಯನ್ನು ಓದುವ ಉಪಾಧ್ಯಾಯ ಬಂಧುಗಳ ಮನೆಯಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ, ೧೯೫೫ಕ್ಕೆ ಮುಂಚಿನ ಆ ಕೋಟೆಯ ಒಂದು ಚಿತ್ರವೋ ಒಂದು ಪತ್ರವೋ ಒಂದು ಕಂದಾಯದ ರಸೀದಿಯೋ ಇದ್ದರೆ, ಅದರ ಪ್ರತಿಯನ್ನು ನಮ್ಮ ಸಂಘಕ್ಕೆ ಕಳುಹಿಸಿಕೊಡಬೇಕೆಂದು ಬೇಡುತ್ತೇನೆ. ನಮ್ಮ ಪುಸ್ತಕದ ಮೊದಲ ಹಾಳೆ ಅದಾಗಲಿ.